ಮಾತ್ರೆಗಾಗಿ ಕೃಷ್ಣಗಿರಿಗೆ

ಮಾಲೂರಿನಿಂದ ಹೊಸೂರಿಗೆ ಹೋಗುವ ಬೆಳಗಿನ ಖಾಸಗಿ ಬಸ್ಸು ಹತ್ತಿದಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಡಿಸೆಂಬರ್ ತಿಂಗಳ ಮೊದಲ ದಿನ. ಡ್ರೈವರು ಕಿವಿಗೆ ಮಫ್ಲರ್ ಸುತ್ತಿಕೊಂಡು, ಗಾಜು ಒರೆಸಿಕೊಳ್ಳುತ್ತ, ರಾಗಿ ಕೊಯ್ದ ಹೊಲಗಳ ನಡುವೆ ನಿಧಾನಕ್ಕೆ ಬಿಟ್ಟ. ಖಾಸಗಿ ಬಸ್ಸಾದ್ದರಿಂದ ಹೆಂಗಸರಿಗೆ ಪುಕ್ಕಟೆ ಇಲ್ಲ. ನಲವತ್ತು ರೂಪಾಯಿ ಟಿಕೆಟ್ಟು. ಪಕ್ಕದಲ್ಲಿ ಅವರೇಕಾಯಿ ಮೂಟೆ ಇಟ್ಟುಕೊಂಡಿದ್ದ ಒಬ್ಬ ಯಜಮಾನರು ಇಡೀ ದಾರಿ ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡಿದರು. ಸೊಗಡಿನ ವಾಸನೆ ನನ್ನ ಸೀರೆಗೂ ಹತ್ತಿತು.

ನಾನು ಕಾಶಿಗೆ ಹೋಗಿಬಂದು ಬರೆದದ್ದನ್ನು ನೀವು ಓದಿದ್ದೀರಿ, ರಾಮೇಶ್ವರದ್ದನ್ನೂ ಓದಿದ್ದೀರಿ. ಈ ಸಲ ಹೋದದ್ದು ಕೃಷ್ಣಗಿರಿ ಕಡೆಗೆ, ಬೆಳಗ್ಗೆ ಹೊರಟು ಅದೇ ದಿನ ವಾಪಸು. ಇಷ್ಟಕ್ಕೂ ಒಂದು ಪ್ರವಾಸ ಕಥನವೇ ಎಂದು ಕೇಳಬೇಡಿ. ಮಾರನೆಯ ದಿನ ತಮಿಳು ಪತ್ರಿಕೆಯೊಂದರಲ್ಲಿ ಬಂದ ನನ್ನ ಫೋಟೋ ನಮ್ಮೂರಿನ ಎಷ್ಟು ಫೋನುಗಳಲ್ಲಿ ಓಡಾಡಿದೆ ಎಂದು ನನಗೆ ಗೊತ್ತಿದೆ. ತಲೆಯ ಮೇಲೆ ಶಾಲು, ಕೈಯಲ್ಲಿ ಹಳದಿ ಚೀಲ, ಪಕ್ಕದಲ್ಲಿ ಹಲ್ಲು ಬಿಟ್ಟ, ಅಲ್ಲಿಯ ಪಕ್ಷವೊಂದರ ನಾಯಕರು. ಕೆಳಗೆ ತಮಿಳಿನಲ್ಲಿ ಏನಿದೆ ಎಂದು ಯಾರಿಂದಲೋ ಓದಿಸಿಕೊಂಡವರು ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡು ರಸ್ತೆ ದಾಟಿದ್ದೂ ಆಗಿದೆ. ಆ ಫೋಟೋದ ಹಿಂದೆ ಮುಂದೆ ಏನು ನಡೆಯಿತು ಎಂದು ಬೇರೆಯವರು ಕಟ್ಟಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಪ್ರೇಮ ಕಾಯುತ್ತಿದ್ದಳು. ಅದು ಅವಳ ಹೆಸರಲ್ಲ, ನಾನಿಟ್ಟದ್ದು. ನನಗೇನಾಗಬೇಕು, ಯಾವೂರಿನವಳು ಎಂದು ಬರೆಯುವುದಿಲ್ಲ. ನನ್ನನ್ನು ಅಕ್ಕ ಎನ್ನುತ್ತಾಳೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ರಿಟೈರ್ ಆದವಳನ್ನು ಅರ್ಧ ತಾಲ್ಲೂಕು ಅಕ್ಕ ಎನ್ನುತ್ತದೆ, ಆದ್ದರಿಂದ ಆ ಎಳೆ ಹಿಡಿದು ಹುಡುಕಬೇಡಿ. ಇದನ್ನು ಬರೆದ ಮೇಲೆ ಅವಳಿಗೆ ಓದಿ ಹೇಳಿ, ಬೇಡವೆಂದದ್ದನ್ನು ತೆಗೆದಿದ್ದೇನೆ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ವೈರು ಜೋಡಿಸುವ ಕೆಲಸ ಅವಳದು. ಅಲ್ಲೇ ಆಲಸನತ್ತಂ ಬಡಾವಣೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ರೂಮು. ಅವಳಿಗೆ ಎಚ್ಐವಿ ಇದೆ. ಹೇಗೆ ಬಂತು ಎಂಬ ಪ್ರಶ್ನೆ ನಿಮ್ಮ ನಾಲಿಗೆ ತುದಿಗೆ ಬಂದಿದ್ದರೆ ಹಾಗೆಯೇ ನುಂಗಿಕೊಳ್ಳಿ. ಸಕ್ಕರೆ ಕಾಯಿಲೆಯವರನ್ನು ಯಾರೂ ಹಾಗೆ ಕೇಳುವುದಿಲ್ಲ.

ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿದರೆ ಅವಳು ನಿಮ್ಮ ನನ್ನ ಹಾಗೆಯೇ ಬದುಕುತ್ತಾಳೆ, ಬದುಕುತ್ತಿದ್ದಾಳೆ. ತಪ್ಪಿಸುತ್ತ ಹೋದರೆ ಮಾತ್ರೆಯೇ ಕೆಲಸ ಮಾಡುವುದು ನಿಲ್ಲಿಸುತ್ತದೆ. ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಮಾತ್ರೆ ಹಿಂದಿನ ರಾತ್ರಿ ಮುಗಿದಿತ್ತು. ಹೊಸೂರಿನಲ್ಲೂ ಮಾತ್ರೆ ಸಿಗುತ್ತದೆ. ಆದರೆ ಅಲ್ಲಿ ಸಾಲಿನಲ್ಲಿ ನಿಂತರೆ ಫ್ಯಾಕ್ಟರಿಯ ಯಾರಾದರೂ ಒಬ್ಬರು ಕಂಡೇ ಕಾಣುತ್ತಾರೆ ಎಂದು ಅವಳು ಐವತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಹೋಗುತ್ತಾಳೆ. ಈ ಸಲ ಎರಡು ದಿನದಿಂದ ಜ್ವರ. ಒಬ್ಬಳೇ ಹೋಗಲು ಧೈರ್ಯ ಸಾಲದೆ ನನಗೆ ಫೋನ್ ಮಾಡಿದ್ದಳು.

"ಜ್ವರ ಹೆಂಗಿದೆಯೇ?" ಎಂದೆ.

"ಪರ್ವಾಗಿಲ್ಲ ಕಣಕ್ಕ. ಡಾಕ್ಟ್ರಿಗೆ ತೋರುಸ್ಬುಟ್ಟು, ಮಾತ್ರೆ ಇಸ್ಕಂಡು ಬಂದ್ಬುಡಾಣ. ನಾಳೀಕೆ ಶಿಫ್ಟ್ ಐತೆ. ಲೀವು ಇನ್ನು ಕೊಡಾಕಿಲ್ಲ."

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಸಾಂಬಾರು ಬಿಸಿಯಾಗಿತ್ತು, ಚಟ್ನಿ ನೀರಾಗಿತ್ತು. ಅವಳು ಒಂದೇ ಇಡ್ಲಿ ತಿಂದು ಬಿಟ್ಟಳು. ಕೃಷ್ಣಗಿರಿ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಟಿಕೆಟ್ಟು ಐವತ್ತು ರೂಪಾಯಿಯೊಳಗೆ. ಕೂತ ಮೇಲೆ ಬ್ಯಾಗಿನಿಂದ ಹೋದ ತಿಂಗಳ ಖಾಲಿ ಡಬ್ಬಿ ತೆಗೆದು ತೋರಿಸಿದಳು. ಲೇಬಲ್ಲನ್ನು ಉಗುರಿನಿಂದ ಕೆರೆದು ಪೂರ್ತಿ ತೆಗೆದಿದ್ದಳು. ಒಳಗೆ ಒಂದು ಉಂಡೆ ಹತ್ತಿ.

"ಹತ್ತಿ ಯಾಕೆ?"

"ಸದ್ದು ಮಾಡ್ತದಲ್ಲಕ್ಕ. ನಡೀವಾಗ ಗಡಗಡ ಅಂತೈತೆ. ರೂಮಿನ ಹುಡ್ಗೀರು ಏನೇ ಅದು ಅಂತಾರೆ. ಮ್ಯಾಲೆ ಹತ್ತಿ ತುರುಕ್ಬುಟ್ರೆ ತೆಪ್ಪಗಿರ್ತದೆ. ನಮ್ಮೋರೆಲ್ಲ ಹಂಗೇ ಮಾಡಾದು."

ಸೂಳಗಿರಿಯ ಬೆಟ್ಟ ಮಂಜಿನಿಂದ ಅರ್ಧ ಮೇಲೆದ್ದಿತ್ತು. ರಸ್ತೆಯ ಬದಿಗೆ ಕೊತ್ತಂಬರಿ ಕಟ್ಟುಗಳನ್ನು ಟೆಂಪೋಗೆ ತುಂಬುತ್ತಿದ್ದರು. ಈ ಹೆದ್ದಾರಿಯಲ್ಲಿ ನಾನು ಮದುವೆಯಾದ ಹೊಸದರಲ್ಲಿ ಹೋಗುವಾಗ ಗೋಡೆ ಗೋಡೆಗೂ ತಲೆಬುರುಡೆ ಬರೆದಿದ್ದರು: ಏಡ್ಸ್ ಎಂದರೆ ಸಾವು. ಅದಕ್ಕೂ ಮೊದಲು ದೊಡ್ಡವರೆನಿಸಿಕೊಂಡವರು ಇದು ಹೊರದೇಶದವರ ರೋಗ, ನಮ್ಮಂಥ ಸಂಸ್ಕೃತಿಯವರಿಗೆ ಬರುವುದಿಲ್ಲ ಎಂದು ಮೀಸೆ ತಿರುವಿಕೊಂಡಿದ್ದರು. ಬಂದ ಮೇಲೆ ಲಾರಿಯವರ ರೋಗ ಎಂದರು, ಸೂಳೆಯರ ರೋಗ ಎಂದರು. ನಮ್ಮ ಅಂಚೆ ಕಚೇರಿಗೆ ಒಂದು ಸುರುಳಿ ಪೋಸ್ಟರು ಬಂತು, ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕೆಂದು ಮೇಲಿನವರ ಆರ್ಡರು. ಹೆಂಗಸರು ಬರುವ ಜಾಗ ಎಂದು ನಮ್ಮ ಪೋಸ್ಟ್ ಮಾಸ್ಟರು ಅದನ್ನು ಬೀರುವಿನ ಹಿಂದೆ ಅಂಟಿಸಿದರು. ಇನ್ಸ್ಪೆಕ್ಷನ್ನಿಗೆ ಬಂದವರು ಬೀರು ಸರಿಸಿ, ಅಂಟಿಸಿದ್ದಾರೆ, ಸರಿ ಎಂದು ಬರೆದುಕೊಂಡು ಹೋದರು.

ಆಮೇಲೆ ಸರ್ಕಾರ ಮಾತ್ರೆ ಪುಕ್ಕಟೆ ಕೊಡಲು ಶುರುಮಾಡಿತು. ಅದು ದೊಡ್ಡ ಕೆಲಸ, ಅದಿಲ್ಲದಿದ್ದರೆ ಪ್ರೇಮ ಇವತ್ತು ಈ ಬಸ್ಸಿನಲ್ಲಿ ಇರುತ್ತಿರಲಿಲ್ಲ. ಒಳ್ಳೆಯದನ್ನು ಒಳ್ಳೆಯದು ಎನ್ನಬೇಕು. ಆದರೆ ಕೊಡುವ ಕೈಗೆ ಇರುವ ಬುದ್ಧಿಯೇ ಬೇರೆ. ಅವಳು ಕೆಲಸಕ್ಕೆಂದು ಗಡಿಯಾಚೆ ಬಂದಾಗ ನಮ್ಮ ಕಡೆಯವರು ನೀನೀಗ ತಮಿಳುನಾಡಿನವಳು, ಅಲ್ಲಿ ಕೇಳು ಎಂದರು. ಅಲ್ಲಿಯವರು ನಿನ್ನ ಕಾಗದವೆಲ್ಲ ಕರ್ನಾಟಕದ್ದು, ಅಲ್ಲೇ ಹೋಗು ಎಂದರು. ಗಡಿಯ ಎರಡೂ ಕಡೆ ಒಂದೇ ಮಾತ್ರೆ, ಒಂದೇ ಡಬ್ಬಿ. ಅದು ಸರಿಹೋಗುವ ಹೊತ್ತಿಗೆ ಅವಳು ಒಂದು ಸುತ್ತು ಇಳಿದುಹೋಗಿದ್ದಳು.

ಕೃಷ್ಣಗಿರಿ ಸೀಮೆಯ ಯಾವ ಆಸ್ಪತ್ರೆ ಎಂದು ನಾನು ಬರೆಯುವುದಿಲ್ಲ. ಸರ್ಕಾರಿ ಆಸ್ಪತ್ರೆ, ಅಷ್ಟು ಸಾಕು. ಆಟೋದಿಂದ ಇಳಿದಾಗ ಗೇಟಿನಿಂದ ಒಳಗಿನವರೆಗೂ ನಾಯಕರ ಫ್ಲೆಕ್ಸುಗಳು. ಒಂದರಲ್ಲಿ ಅವರು ಕೈಮುಗಿದಿದ್ದರು, ಇನ್ನೊಂದರಲ್ಲಿ ಆಕಾಶ ನೋಡುತ್ತಿದ್ದರು. ಅಂಗಳದಲ್ಲಿ ಶಾಮಿಯಾನ, ಸ್ಪೀಕರು, ನೆಲದ ಮೇಲೆ ಕೆಂಪು ಪುಡಿಯಲ್ಲಿ ರಿಬ್ಬನ್ನಿನ ರಂಗೋಲಿ. ಅವತ್ತು ಏಡ್ಸ್ ದಿನ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಪ್ರೇಮ ನೇರ ಮಾತ್ರೆ ಕೊಡುವ ಕೌಂಟರಿಗೆ ನಡೆದಳು. ಬೀಗ ಹಾಕಿತ್ತು.

ನಾನು ಮೂವತ್ತು ವರ್ಷ ಕೌಂಟರಿನ ಆಚೆ ಕೂತವಳು. ಮಳೆ ಬರಲಿ, ಮುಷ್ಕರದ ಮಾತಿರಲಿ, ನನ್ನ ಕಿಟಕಿ ಹತ್ತು ಗಂಟೆಗೆ ತೆರೆಯಬೇಕಿತ್ತು, ತೆರೆಯುತ್ತಿತ್ತು. ಕೆಲಸದ ದಿನ ಬೀಗ ಬಿದ್ದ ಕೌಂಟರು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಏಡ್ಸ್ ದಿನ ಏಡ್ಸ್ ಮಾತ್ರೆಯ ಕೌಂಟರಿಗೆ ಬೀಗ ಹಾಕಿದವರ ತಲೆಯಲ್ಲಿ ಮಿದುಳಿದೆಯೋ ಸಗಣಿಯಿದೆಯೋ ಎಂದು ಜೋರಾಗಿಯೇ ಅಂದೆ. ಪ್ರೇಮ ನನ್ನ ಸೆರಗು ಎಳೆದಳು.

ಹಿಂಬದಿಯ ಹೊಂಗೆಮರದ ಕೆಳಗೆ ಒಂದಷ್ಟು ಜನ ಕೂತಿದ್ದರು. ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡಿದ್ದರು. ಒಬ್ಬರು ಹೆಲ್ಮೆಟ್ ಹಾಕಿಕೊಂಡೇ ಕೂತಿದ್ದರು.

"ಬೈಕು ಇಳಿದ ಮೇಲಾದರೂ ತೆಗೆಯಬಾರದಾ ಅದನ್ನ?" ಎಂದೆ ಪ್ರೇಮಳ ಕಿವಿಯಲ್ಲಿ.

"ಅವ್ರತ್ರ ಬೈಕೇ ಇಲ್ಲ ಕಣಕ್ಕ. ಬಸ್ನಾಗೇ ಬರೋದು. ತಿಂಗ್ಳು ತಿಂಗ್ಳೂ ಹೆಲ್ಮೆಟ್ ತತ್ತಾರೆ."

ಅಷ್ಟರಲ್ಲಿ ಎದೆಗೆ ಕೆಂಪು ರಿಬ್ಬನ್ ಚುಚ್ಚಿಕೊಂಡ ಒಬ್ಬ ಹುಡುಗಿ ಓಡುತ್ತ ಬಂದಳು. ರೋಗಿಗಳಿಗೆ ಧೈರ್ಯ ಹೇಳಿ ಮಾತ್ರೆಯ ವಿಷಯ ತಿಳಿಸುವ ಕೆಲಸದವಳು; ಸೆಲ್ವಿ ಎಂದು ಕರೆಯೋಣ. ಕೆಲಮಂಗಲದ ಕಡೆಯವಳು, ಮನೆಮಾತು ಕನ್ನಡ. ಕೌಂಟರು ಯಾಕೆ ಮುಚ್ಚಿದೆ ಎಂದು ಕೇಳಿದೆ.

"ಫಂಕ್ಷನ್ ಅಲ್ವಾಮ್ಮ. ಡಾಕ್ಟ್ರು, ಫಾರ್ಮಸಿ ಸಾರು, ಎಲ್ರೂ ಅಲ್ಲೇ ಇರ್ಬೇಕು ಅಂತ ಮೇಲಿಂದ ಆರ್ಡರ್. ಇವತ್ತು ಮಾತ್ರೆ ಕೌಂಟರ್ನಾಗೆ ಕೊಡಲ್ಲ. ಸ್ಟೇಜ್ ಮೇಲೆ ಕೊಡ್ತಾರೆ, ತಲೈವರ್ ಕೈಯಿಂದ."

"ಯಾರ ಕೈಯಿಂದ?"

"ತಲೈವರ್. ನಾಯಕ್ರು. ಚೀಲದಾಗೆ ಹಾಕಿ ಇಕ್ಕವ್ರೆ. ಟೋಕನ್ ಪ್ರಕಾರ ಒಬ್ಬೊಬ್ರೇ ಸ್ಟೇಜಿಗೆ ಹೋಗಿ ಇಸ್ಕಬೇಕು. ಮಾಸ್ಕ್ ಹಾಕ್ಕೊಬೋದು, ಕೇಳೀವ್ನಿ."

ಗಂಜಿ ಕೇಂದ್ರ ತೆರೆದರೂ, ಹೊಲಿಗೆ ಮಿಷನ್ ಕೊಟ್ಟರೂ, ಶಾಲೆಯ ಮಕ್ಕಳಿಗೆ ಸೈಕಲ್ ಕೊಟ್ಟರೂ ನಾಯಕರ ಕೈ ತಾಗದೆ ಹಂಚಬಾರದು ಎಂಬ ಪದ್ಧತಿ ಗಡಿಯ ಈಚೆಗೂ ಇದೆ, ಆಚೆಗೂ ಇದೆ. ಅದನ್ನು ಸಹಿಸಿಕೊಂಡು ಹಲ್ಲು ಸವೆದಿದೆ. ಆದರೆ ಮುಖ ಮುಚ್ಚಿಕೊಂಡು ಬಂದು, ಕಿಟಕಿಯಲ್ಲಿ ಕೈಚಾಚಿ, ಸದ್ದಾಗದ ಹಾಗೆ ಹತ್ತಿ ತುರುಕಿಕೊಂಡು ಹೋಗುವವರನ್ನು ಸ್ಟೇಜಿಗೆ ಹತ್ತಿಸಿ ಫೋಟೋ ಹೊಡೆಸುವ ಯೋಚನೆ ಯಾವ ಪುಣ್ಯಾತ್ಮರಿಗೆ ಬಂತೋ ತಿಳಿಯದು. ಮರದ ಕೆಳಗಿನವರು ಯಾರೂ ಜಾಗ ಬಿಟ್ಟು ಏಳಲಿಲ್ಲ.

"ನೀವೆಲ್ಲ ಹಿಂಗೆ ಕುಂತ್ರೆ ನಂಗೆ ಬೈತಾರೆ. ನಂದು ಕಾಂಟ್ರಾಕ್ಟ್ ಕೆಲ್ಸ," ಎಂದಳು ಸೆಲ್ವಿ. ಅವಳ ಕಣ್ಣಲ್ಲಿ ನೀರಿತ್ತು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

"ಡಾಕ್ಟ್ರಿಗೆ ಜ್ವರ ತೋರುಸ್ಬೇಕಿತ್ತು ಮೇಡಂ," ಎಂದಳು ಪ್ರೇಮ.

"ಫಂಕ್ಷನ್ ಮುಗೀಲಿಮ್ಮ."

ಫಂಕ್ಷನ್ ಶುರುವೇ ಆಗಿರಲಿಲ್ಲ. ನಾಯಕರು ಬೆಳಗ್ಗೆಯೇ ಬರುತ್ತಾರೆ ಎಂದಿದ್ದರು, ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿಯವರೆಗೆ ಸ್ಪೀಕರು ಅವರನ್ನು ಹೊಗಳುವ ಹಾಡು ಹಾಕಿತ್ತು. ಶಾಮಿಯಾನದೊಳಗಿನ ಜನ ನರ್ಸಿಂಗ್ ಓದುವ ಹುಡುಗಿಯರು, ಮತ್ತು ಸುತ್ತಲ ಊರುಗಳಿಂದ ವ್ಯಾನಿನಲ್ಲಿ ಕರೆತಂದ ಹೆಂಗಸರು. ವ್ಯಾನಿನವರಿಗೆ ಪೊಟ್ಟಣದಲ್ಲಿ ಬಿರಿಯಾನಿ ಬಂದಿತ್ತು. ಇದು ಯಾವ ಫಂಕ್ಷನ್ ಎಂದು ನಾನು ಒಬ್ಬಾಕೆಯನ್ನು ಕೇಳಿದರೆ, "ಏನೋ ಆಸ್ಪತ್ರೇದಂತೆ" ಎಂದರು. ಪ್ರೇಮ ಮರಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಒಮ್ಮೆ ಹೋಗಿ ಜ್ವರ ಹೇಗಿದೆ ಎಂದು ಕೇಳಿದೆ. ಪರವಾಗಿಲ್ಲ ಎಂದಳು.

ನಾಯಕರು ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಿಂದೆ ಮುಂದೆ ಬಿಳಿ ಅಂಗಿಯವರೇ. ದೀಪ ಹಚ್ಚಿ, ಹಾರ ಹಾಕಿಸಿಕೊಂಡು, ತಮಿಳಿನಲ್ಲಿ ಭಾಷಣ ಮಾಡಿದರು. ನನ್ನ ತಮಿಳು ಅಷ್ಟಕ್ಕಷ್ಟೆ, ಆದರೂ ಇದು ತಿಳಿಯಿತು, ಯಾಕೆಂದರೆ ಇದನ್ನೇ ನಾನು ಕನ್ನಡದಲ್ಲೂ ಕೇಳಿದ್ದೇನೆ. ಒಬ್ಬನಿಗೆ ಒಬ್ಬಳು ಎಂಬುದೇ ನಮ್ಮ ಮಣ್ಣಿನ ಗುಣ. ಅದನ್ನು ಕಾಪಾಡಿಕೊಂಡರೆ ಈ ರೋಗ ಹತ್ತಿರ ಸುಳಿಯದು. ಅದಾದ ಮೇಲೆ ಮಾತ್ರೆ ಕೊಡುವ ಯೋಜನೆ ಯಾರ ಕಾಲದಲ್ಲಿ ಬಂತು, ನಮ್ಮವರು ತಂದದ್ದನ್ನು ಅವರು ತಮ್ಮದೆಂದು ಹೇಳಿಕೊಳ್ಳುತ್ತಾರೆ ಎಂದು ಎದುರು ಪಕ್ಷದವರಿಗೆ ಚೆನ್ನಾಗಿ ಬೈದರು. ಬಿಳಿ ಅಂಗಿಯವರು ಚಪ್ಪಾಳೆ ಹೊಡೆದರು. ಮರದ ಕೆಳಗೆ ಕೂತವರ ಸುದ್ದಿ ಆ ಭಾಷಣದಲ್ಲಿ ಎಲ್ಲೂ ಬರಲಿಲ್ಲ.

ಆಮೇಲೆ ಚೀಲಗಳ ಸರದಿ. ಮೇಜಿನ ಮೇಲೆ ಹಳದಿ ಚೀಲಗಳ ಸಾಲು, ಪ್ರತಿಯೊಂದರ ಮೇಲೂ ನಾಯಕರ ನಗುವ ಮುಖ. ಮೈಕಿನಲ್ಲಿ ನಂಬರ್ ಕೂಗಿದರು. ಯಾರೂ ಏಳಲಿಲ್ಲ. ಇನ್ನೊಂದು ನಂಬರ್ ಕೂಗಿದರು. ಸೆಲ್ವಿ ಮರದ ಹತ್ತಿರ ಬಂದು ಕೈಮುಗಿದಳು. ಹೆಲ್ಮೆಟ್ಟಿನವರು ಎದ್ದು ಗೇಟಿನ ಕಡೆ ನಡೆದುಬಿಟ್ಟರು, ಮಾತ್ರೆ ಇಲ್ಲದೆಯೇ. ಪ್ರೇಮ ಅವರು ಹೋದ ದಾರಿಯನ್ನೇ ನೋಡುತ್ತಿದ್ದಳು.

"ನಾನೂ ಹೊಂಟೋಗ್ತೀನಿ ಕಣಕ್ಕ. ಆ ಸ್ಟೇಜ್ ನಾನು ಹತ್ತಾಕಿಲ್ಲ. ಯಾರಾರ ಒಬ್ರು ವಿಡಿಯೋ ಹಾಕುದ್ರೆ ಮುಗೀತು, ರೂಮೂ ಓಯ್ತು, ಕೆಲ್ಸಾನೂ ಓಯ್ತು."

"ಮಾತ್ರೆ?"

ಅವಳು ಬ್ಯಾಗು ಹೆಗಲಿಗೇರಿಸಿದಳು. ಸೆಲ್ವಿ ಕೊಟ್ಟಿದ್ದ ಟೋಕನ್ನನ್ನು ನಾನು ಅವಳ ಕೈಯಿಂದ ಕಿತ್ತುಕೊಂಡೆ. ನನಗೆ ಅರವತ್ತಾಗಿದೆ, ಪೆನ್ಷನ್ ಬರುತ್ತದೆ, ಮಗಳ ಮದುವೆಯಾಗಿದೆ. ನನ್ನ ಮುಖ ಯಾರು ನೋಡಿದರೆ ಏನು ಕಳೆದುಹೋಗುತ್ತದೆ ಎಂದುಕೊಂಡೆ. ಸೆಲ್ವಿಯಿಂದ ಒಂದು ಮಾಸ್ಕ್ ಇಸಿದುಕೊಂಡು, ನಂಬರ್ ಕೂಗಿದ ಕೂಡಲೇ ಸ್ಟೇಜ್ ಹತ್ತಿದೆ. ಅವತ್ತು ಮೊದಲು ಹತ್ತಿದವಳು ನಾನೇ. ಬಿಳಿ ಅಂಗಿಯವರಿಗೆ ಹೋದ ಜೀವ ಬಂದಂತಾಯಿತು.

ನಾಯಕರು ನನ್ನನ್ನು ನೋಡಿ, ಮೈಕು ಕೈಗೆತ್ತಿಕೊಂಡರು. ಇಲ್ಲಿ ಯಾರೂ ಅಂಜಬೇಕಾಗಿಲ್ಲ, ಯಾರೂ ನಾಚಬೇಕಾಗಿಲ್ಲ ಎಂದರು. ರೋಗಿಯನ್ನು ದೂರ ಇಡಬಾರದು ಎಂದರು. ಮಾತು ಚೆನ್ನಾಗಿಯೇ ಇತ್ತು. ಕೊನೆಗೆ ನನ್ನ ಕಡೆ ತಿರುಗಿ, "ಮಾಸ್ಕ್ ಎಡುಂಗಮ್ಮಾ, ಮಾಸ್ಕ್ ತೆಗೆಯಿರಿ!" ಎಂದರು. ಇಡೀ ಶಾಮಿಯಾನ ಚಪ್ಪಾಳೆ ಹೊಡೆಯಿತು. ಫೋಟೋದವರು ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು. ನಾನು ಮಾಸ್ಕ್ ತೆಗೆದೆ. ಈ ಜಾಗದಲ್ಲಿ ಪ್ರೇಮ ನಿಂತಿದ್ದರೆ ಎಂದುಕೊಂಡೆ.

ಅಲ್ಲಿಯ ಪದ್ಧತಿಯಂತೆ ಶಾಲು ಹೊದಿಸಬೇಕು. ನಾಯಕರು ಶಾಲಿನ ಎರಡು ತುದಿ ಹಿಡಿದು, ನನ್ನಿಂದ ಒಂದು ಮಾರು ದೂರ ನಿಂತು, ಬಲೆ ಬೀಸುವ ಹಾಗೆ ಬೀಸಿದರು. ಅದು ಹೆಗಲಿಗೆ ಬೀಳದೆ ತಲೆಯ ಮೇಲೆ ಬಿತ್ತು. ಯಾರೂ ಸರಿಮಾಡಲಿಲ್ಲ. ನೀವು ಫೋನಿನಲ್ಲಿ ನೋಡಿದ್ದು ಆ ಗಳಿಗೆಯನ್ನು. ರೋಗಿಯನ್ನು ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಅವರ ತಲೆಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬ್ಯಾನರ್ ಇತ್ತು.

ಚೀಲ ತಂದು ಮರದ ಕೆಳಗೆ ಬಿಚ್ಚಿದೆವು. ಖರ್ಜೂರದ ಪ್ಯಾಕೆಟ್ಟು, ಒಂದು ಟವಲ್ಲು, ಹಾಲಿಗೆ ಹಾಕುವ ಪುಡಿಯ ಡಬ್ಬಿ, ನಾಯಕರ ಚಿತ್ರದ ಕ್ಯಾಲೆಂಡರು. ಮಾತ್ರೆ ಇರಲಿಲ್ಲ. ಪ್ರೇಮ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು.

"ಮಾತ್ರೆ ಸ್ಟೇಜಿಗೆ ತರೋ ಹಂಗಿಲ್ಲ ಅಂತ ಫಾರ್ಮಸಿ ಸಾರು ಪಟ್ಟು ಹಿಡುದ್ರಂತೆ, ನಂಗೆ ಈಗ ಗೊತ್ತಾಯ್ತು," ಎಂದಳು ಸೆಲ್ವಿ. "ಮಾತ್ರೆ ಒಳಗೇ ಬೀಗ್ದಾಗೈತೆ. ಚೀಲ ಸುಮ್ನೆ ಫೋಟೋಕ್ಕೆ."

ಆಗ ನನಗೆ ಕೋಪ ಬಂದದ್ದನ್ನು ವಿವರಿಸುವುದಿಲ್ಲ. ನಾಯಕರು ಕಾರಿನ ಕಡೆ ಹೋಗುತ್ತಿದ್ದರು. ಬಿಳಿ ಅಂಗಿಗಳ ನಡುವೆ ನುಗ್ಗಿ, ಖಾಲಿ ಚೀಲವನ್ನು ಅವರ ಮುಖದ ಮುಂದೆ ಹಿಡಿದು, ಕನ್ನಡದಲ್ಲೇ ಕೇಳಿದೆ: "ಸ್ವಾಮಿ, ಇದರಲ್ಲಿ ನಿಮ್ಮ ಮುಖ ಇದೆ, ಮಾತ್ರೆ ಇಲ್ಲ. ಕೌಂಟರು ಯಾವಾಗ ತೆಗೀತಾರೆ?"

ನಾಯಕರು ನಕ್ಕರು. ಚೀಲದ ಮೇಲಿದ್ದ ಅದೇ ನಗು. ಪಕ್ಕದವರಿಗೆ "ಪಾತ್ತು ಸೆಯ್ಯುಂಗ" ಎಂದರು. ನೋಡಿ ಮಾಡಿ ಎಂದರ್ಥ. ನಮ್ಮ ಕಡೆಯವರು ಇದನ್ನೇ "ನೋಡೋಣ, ಮಾಡೋಣ" ಎನ್ನುತ್ತಾರೆ. ಪಕ್ಕದವರು ಇನ್ನೊಬ್ಬರಿಗೆ ಹೇಳಿದರು, ಇನ್ನೊಬ್ಬರು ನನಗೆ ಕೈಮುಗಿದರು, ಕಾರು ಹೊರಟಿತು. ಡಾಕ್ಟರೂ ಹಿಂದಿನ ಕಾರಿನಲ್ಲಿ ಹೋದರು, ಎಲ್ಲೋ ಊಟವಿತ್ತಂತೆ. ಮತ್ತೆ ಬರುವುದಿಲ್ಲ ಎಂದು ಸೆಲ್ವಿ ಹೇಳಿದಳು.

ಬಿಸಿಲು ಇಳಿದ ಮೇಲೆ ಫಾರ್ಮಸಿಯವರು ಬಂದು ಬೀಗ ತೆಗೆದರು. ಬಡಪಾಯಿ ಮನುಷ್ಯ, ಅವರೂ ಮಧ್ಯಾಹ್ನ ಉಂಡಿರಲಿಲ್ಲ. ಪ್ರೇಮಳ ಖಾಲಿ ಡಬ್ಬಿ ಇಸಿದುಕೊಂಡು ಹತ್ತು ಮಾತ್ರೆ ಎಣಿಸಿ ಹಾಕಿದರು.

"ಸ್ಟಾಕ್ ಇಲ್ಲಮ್ಮಾ. ಹತ್ತು ದಿವಸಕ್ಕೆ ಕೊಟ್ಟಿದ್ದೀನಿ. ತಿರುಗಿ ಬನ್ನಿ."

"ಹತ್ತು ದಿನಕ್ಕೇ ಮತ್ತೆ ಇವಳಿಗೆ ಯಾರು ರಜ ಕೊಡ್ತಾರೆ?" ಎಂದೆ.

"ನಾನೇನಮ್ಮಾ ಮಾಡ್ಲಿ? ಮೇಲಿಂದ ಬಂದರೆ ಕೊಡ್ತೀನಿ."

ಫ್ಲೆಕ್ಸಿಗೆ ಸ್ಟಾಕ್ ಇತ್ತು, ಶಾಲಿಗೆ ಇತ್ತು, ಬಿರಿಯಾನಿಗೆ ಇತ್ತು. ಇದನ್ನು ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಪ್ರೇಮ ಡಬ್ಬಿಗೆ ಹತ್ತಿ ತುರುಕಿ ಅಲುಗಿಸಿ ನೋಡಿದಳು. ಗಡಗಡ ಎಂದಿತು. ತುಂಬಿದ ಡಬ್ಬಿಗೆ ಸಾಕಾಗುತ್ತಿದ್ದ ಹತ್ತಿ ಹತ್ತು ಮಾತ್ರೆಗೆ ಸಾಲಲಿಲ್ಲ. ಅವಳು ಅದನ್ನು ನಾಯಕರ ಟವಲ್ಲಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕಿದಳು.

ಕೃಷ್ಣಗಿರಿಯಿಂದ ವಾಪಸು ಬರುವ ಬಸ್ಸು ಗಿಜಿಗುಟ್ಟುತ್ತಿತ್ತು. ಮೂವರ ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬಾಕೆ ಕೂತಿದ್ದರು, ನನಗಿಂತ ಸ್ವಲ್ಪ ಚಿಕ್ಕವರಿರಬೇಕು. ನಾನು ಮಧ್ಯೆ, ಪ್ರೇಮ ತುದಿಗೆ ಕೂತೆವು. ಆಕೆ ನನ್ನನ್ನು ಒಮ್ಮೆ ನೋಡಿದರು, ಮತ್ತೊಮ್ಮೆ ನೋಡಿದರು. ಆಮೇಲೆ ಸೆರಗು ಒಟ್ಟುಮಾಡಿ ಹಿಡಿದುಕೊಂಡರು. ಶಾಮಿಯಾನದಲ್ಲಿ ಬಿರಿಯಾನಿ ಪೊಟ್ಟಣ ಹಿಡಿದಿದ್ದ ಹೆಂಗಸು ಇವರೇ ಎಂದು ನನಗೂ ಗುರುತು ಸಿಕ್ಕಿತು. ವ್ಯಾನು ಬಿಟ್ಟುಹೋಗಿತ್ತೋ ಏನೋ.

ಟೋಲ್ ದಾಟಿದ ಮೇಲೆ ಮುಂದಿನ ಸೀಟು ಖಾಲಿಯಾಯಿತು. ಆಕೆ ನನ್ನ ಮೊಣಕಾಲಿಗೆ ತಾಗದ ಹಾಗೆ ಸೀರೆ ಎತ್ತಿ ದಾಟಿಕೊಂಡು ಅಲ್ಲಿ ಹೋಗಿ ಕೂತರು. ಕೂತವರು ತಿರುಗಿ ಪ್ರೇಮಳ ತೋಳು ಹಿಡಿದರು.

"ಬಾ ಮಗಾ, ಈ ಕಡೀಕ್ ಬಂದ್ಬುಡು. ಆಯಮ್ಮನ್ ಪಕ್ಕ ಕುಂತ್ಕಬ್ಯಾಡ." ಆಕೆಯ ಮಾತೂ ಕನ್ನಡವೇ, ದನಿ ತಗ್ಗಿಸಿದ್ದರೂ ನನಗೆ ಕೇಳಿಸಿತು. "ಸ್ಟೇಜ್ ಮ್ಯಾಲಿದ್ಲು. ಅದೇ ಕಾಯ್ಲೆ. ನೋಡಾಕೆ ಒಳ್ಳೆ ಮನೆಯೋಳ್ ಹಂಗವ್ಳೆ, ಕರ್ಮ."

ಪ್ರೇಮ ನನ್ನ ಮುಖ ನೋಡಿದಳು. ಹೋಗು ಎಂದು ಕಣ್ಣಲ್ಲೇ ಹೇಳಿದೆ. ಹೋಗದಿದ್ದರೆ ಈಕೆ ನೀನ್ಯಾಕೆ ಅವಳ ಜೊತೆ ಎಂದು ಕೇಳುತ್ತಾಳೆ, ಬೆಳಗಿನಿಂದ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ. ಪ್ರೇಮ ಎದ್ದು ಮುಂದೆ ಹೋದಳು. ಮೂವರ ಸೀಟಿನಲ್ಲಿ ನಾನೊಬ್ಬಳೇ ಉಳಿದೆ. ನಿಂತಿದ್ದ ಜನ ಆಕೆಯ ಮಾತು ಕೇಳಿಸಿಕೊಂಡಿದ್ದರು. ಅಷ್ಟು ಗಿಜಿಗುಟ್ಟುವ ಬಸ್ಸಿನಲ್ಲಿ ಆ ಎರಡು ಜಾಗಕ್ಕೆ ಒಬ್ಬರೂ ಬರಲಿಲ್ಲ. ನಾಯಕರ ಮೇಲೆ ಎಷ್ಟು ಕೋಪವಿತ್ತೋ ಅದಕ್ಕಿಂತ ಹೆಚ್ಚಾಗಿ ನನಗೆ ಆಗ ನಾಚಿಕೆಯಾಯಿತು, ಏನೂ ತಪ್ಪು ಮಾಡದೆ. ಕಿಟಕಿಯ ಆಚೆ ಮಾವಿನ ತೋಪುಗಳು ಕಳೆದು ಗುಡ್ಡಗಳು ಬಂದವು. ನಾನು ಅವನ್ನೇ ನೋಡುತ್ತ ಕೂತೆ.

ಮುಂದಿನ ಸೀಟಿನಲ್ಲಿ ಆಕೆ ಪೊಟ್ಟಣ ಬಿಚ್ಚಿ ಬೇಯಿಸಿದ ಕಡಲೆಕಾಯಿ ಸುಲಿದು ಪ್ರೇಮಳಿಗೆ ಕೊಡುತ್ತಿದ್ದರು. ಒಂದೆರಡನ್ನು ಬಾಯಿಗೇ ಹಾಕಿದರು. ಆಮೇಲೆ ಅಂಗೈ ಚಾಚಿ ಅವಳ ಹಣೆ ಮುಟ್ಟಿದರು, ಕತ್ತು ಮುಟ್ಟಿದರು.

"ಅಯ್ಯೋ, ಕೆಂಡ ಸುಟ್ಟಂಗ್ ಸುಡ್ತಾ ಐತಲ್ಲೇ! ಇಂಗೇ ಒರಗ್ಕೋ." ಎಂದು ಅವಳ ತಲೆಯನ್ನು ತಮ್ಮ ಹೆಗಲಿಗೆ ಎಳೆದುಕೊಂಡರು. ಬಸ್ಸು ಹಳ್ಳಕ್ಕೆ ಇಳಿದು ಎದ್ದಾಗ ಬ್ಯಾಗಿನಲ್ಲಿ ಡಬ್ಬಿ ಗಡಗಡ ಎಂದಿತು.

"ಏನದು ಸದ್ದು?"

"ಮಾತ್ರೆ ಕಣಮ್ಮ," ಎಂದಳು ಪ್ರೇಮ. ಸ್ವಲ್ಪ ತಡೆದು, "ಜ್ವರುದ್ದು."

"ತಪ್ಪುಸ್ದಂಗೆ ನುಂಗ್ಬೇಕು ಮತ್ತೆ," ಎಂದರು ಆಕೆ.

ಸೂಳಗಿರಿಯಲ್ಲಿ ಆಕೆ ಇಳಿದರು. ಇಳಿಯುವಾಗ ಉಳಿದ ಕಡಲೆಕಾಯಿಯನ್ನು ಪೊಟ್ಟಣದ ಸಮೇತ ಪ್ರೇಮಳ ಮಡಿಲಿಗೆ ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ ಹೋದರು. ಬಸ್ಸು ಹೊರಟ ಮೇಲೆ ಪ್ರೇಮ ಹಿಂದೆ ಬಂದು ನನ್ನ ಪಕ್ಕ ಕೂತಳು. ಪೊಟ್ಟಣ ನನ್ನ ಮುಂದೆ ಹಿಡಿದಳು.

"ಒಳ್ಳೆ ಹೆಂಗ್ಸು ಕಣಕ್ಕ," ಎಂದಳು.

ಇಡೀ ದಿನದ ಕೋಪವನ್ನು ಅವಳ ಮೇಲೆ ತೀರಿಸಿದೆ. "ಒಳ್ಳೆಯವಳೇನೇ? ನೀನು ಯಾರು ಅಂತ ಗೊತ್ತಾಗಿದ್ದರೆ ಬಸ್ಸಿಂದ ತಳ್ಳುತ್ತಿದ್ದಳು!"

"ತಳ್ತಿದ್ಲೇನೋ." ಅವಳು ಒಂದು ಕಡಲೆಕಾಯಿ ಸುಲಿದಳು. "ಆದ್ರೂ ಅಕ್ಕ, ಬೆಳಗ್ಗಿಂದ ಜ್ವರ ಜ್ವರ ಅಂತ ಎಲ್ರಿಗೂ ಹೇಳ್ದೆ. ಅಷ್ಟು ಡಾಕ್ಟ್ರು, ಅಷ್ಟು ನರ್ಸು, ಅಷ್ಟು ದೊಡ್ಡೋರು. ನನ್ ಹಣೆ ಮುಟ್ಟಿ ನೋಡಿದ್ದು ಅವ್ಳೊಬ್ಳೇ."

ಬೆಳಗಿನಿಂದ ನಾನು ಅವಳ ಜ್ವರ ಹೇಗಿದೆ ಎಂದು ಎಷ್ಟು ಸಲ ಕೇಳಿದ್ದೆನೋ. ಬಾಯಲ್ಲೇ ಕೇಳಿದ್ದೆ. ಅವಳು ಆ ಮಾತನ್ನು ನನಗೆ ತಾಗಲೆಂದು ಹೇಳಿರಲಿಲ್ಲ, ಹೇಳುವವಳೂ ಅಲ್ಲ. ನಾನು ಕೈ ಎತ್ತಿ ಅವಳ ಹಣೆಯ ಮೇಲೆ ಇಟ್ಟೆ. ನಿಜವಾಗಿಯೂ ಸುಡುತ್ತಿತ್ತು. ಹೊಸೂರು ಬರುವವರೆಗೂ ಕೈ ತೆಗೆಯಲಿಲ್ಲ.